ಬಳೆಗಾರನ ಕಪ್ಪು ಗಾಜು

“ಅಜ್ಜಾರ, ಮನಸ್ಸಿಗೆ ಪೆಟ್ಟು ಬೀಳದಂಗ ಕಾಯ್ಕೊಳ್ಳೋದು ಹ್ಯಾಂಗ್ರಿ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಅಡವಯ್ಯ. ಮಠಕ್ಕೆ ಬಂದು ಬಹಳ ಕಾಲವಾಗಿರಲಿಲ್ಲ. ಮನೆಯಲ್ಲಿ ಅಣ್ಣನೊಂದಿಗೆ ಮಾತಿಗೆ ಮಾತು ಬೆಳೆದು, ಅಣ್ಣ ಆಡಬಾರದ ಮಾತೊಂದನ್ನು ಆಡಿಬಿಟ್ಟಿದ್ದ. ಅದು ಎದೆಯಲ್ಲಿ ನೆಟ್ಟು, ಅಡವಯ್ಯ ಮನೆ ಬಿಟ್ಟು ಬಂದಿದ್ದ. ಆ ದಿನ ಬೆಳಿಗ್ಗೆ ಅಣ್ಣ ಮಠಕ್ಕೆ ಬಂದು ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಅಡವಯ್ಯ ಅವನನ್ನು ನೋಡಲು ಹೋಗಿರಲಿಲ್ಲ. ಮಠದಲ್ಲಿ ಒಬ್ಬರು ಮೌನ ಹಿಡಿ ಎನ್ನುತ್ತಾರೆ, ಒಬ್ಬರು ಜಪ ಮಾಡು ಎನ್ನುತ್ತಾರೆ, ಇನ್ನೊಬ್ಬರು ಯಾರ ಮುಖವನ್ನೂ ನೋಡಬೇಡ ಎನ್ನುತ್ತಾರೆ. ಇವುಗಳಲ್ಲಿ ಯಾವುದು ಗಟ್ಟಿ ಎಂಬುದೇ ಅವನಿಗೆ ತಿಳಿಯದಾಗಿತ್ತು.

ಗುರುಗಳು ಅವನ ಕಡೆ ತಿರುಗಿ, “ಮೊಬೈಲಿಗೆ ಮ್ಯಾಲೊಂದು ಗಾಜು ಹಾಕಸ್ತಾರಲ್ಲ, ಅದನ್ನ ನೋಡೀಯೇನು?” ಎಂದರು.

ಅಡವಯ್ಯ ತಬ್ಬಿಬ್ಬಾದ. ಮನಸ್ಸಿನ ವಿಚಾರ ಕೇಳಿದರೆ ಗುರುಗಳು ಮೊಬೈಲಿನ ವಿಚಾರ ತೆಗೆದಿದ್ದರು. ತನ್ನ ಪ್ರಶ್ನೆ ಅವರ ಕಿವಿಗೆ ಬಿತ್ತೋ ಇಲ್ಲವೋ ಎಂಬ ಅನುಮಾನವೂ ಬಂತು. ಆದರೂ ನೋಡಿದ್ದೇನೆ ಎಂದು ತಲೆಯಾಡಿಸಿದ. ಆಗ ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಅವಳು ಹೇಳುವುದೆಲ್ಲ ಕೈಯಲ್ಲಿ. ಶಾಲೆಯಲ್ಲಿ ಕಲಿಸುವ ಕೈಮಾತು ಅವಳಿಗೆ ಆಮೇಲೆ ಬಂತು. ಅದಕ್ಕೂ ಮೊದಲೇ ಅಪ್ಪ ಮಗಳು ತಮ್ಮಷ್ಟಕ್ಕೆ ಒಂದು ಭಾಷೆ ಮಾಡಿಕೊಂಡಿದ್ದರು. ಚಿಕ್ಕವಳಿದ್ದಾಗ ಅವಳು ಅಪ್ಪನ ಪಕ್ಕದಲ್ಲಿ ಕೂತು, ಅವನು ಹೆಂಗಸರ ಕೈಯನ್ನು ಮೆತ್ತಗೆ ಒತ್ತಿ ಬಳೆ ಏರಿಸುವುದನ್ನೇ ನೋಡುತ್ತಿದ್ದಳು. ಒಂದು ದಿನ ತನ್ನ ಎಡಗೈ ಬೆರಳುಗಳನ್ನು ಬಲಗೈಯಲ್ಲಿ ಹಿಡಿದು, ಬಳೆ ಏರಿಸುವ ಹಾಗೆ ಮಣಿಕಟ್ಟಿನ ತನಕ ಜಾರಿಸಿ, ಅವನ ಮುಖ ನೋಡಿದಳು. ಅವಳು ಅಪ್ಪನನ್ನು ಕರೆದಿದ್ದಳು. ಅಂದಿನಿಂದ ಅದೇ ಅವನ ಹೆಸರಾಯಿತು. ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯಿತ್ತು. ಆದರೆ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವನು ಅಷ್ಟು ಬೇಗ ತಿರುಗುತ್ತಿರಲಿಲ್ಲ.

ಮಗಳನ್ನು ದೂರದ ಊರಿಗೆ ಕೊಟ್ಟ. ಅಳಿಯನೂ ಕೈಮಾತಿನವನೇ, ಒಳ್ಳೆಯವನು. ಅವನೇ ಮಾವನಿಗೆ ಒಂದು ಮೊಬೈಲು ತಂದುಕೊಟ್ಟ. ಉಳಿದವರಿಗೆ ಮೊಬೈಲು ಕಿವಿಗೆ ಹಿಡಿಯುವ ವಸ್ತು. ಬಳೆಗಾರನಿಗೆ ಅದು ಮಗಳು ಕಾಣುವ ಕಿಂಡಿ. ಮಧ್ಯಾಹ್ನ ವ್ಯಾಪಾರ ಮುಗಿಸಿ ಬಂದವನು ಮೊಬೈಲನ್ನು ಬಳೆ ಪೆಟ್ಟಿಗೆಗೆ ಆನಿಸಿ ನಿಲ್ಲಿಸುತ್ತಿದ್ದ. ಕೈಯಿಂದ ಮಾತಾಡುವವನಿಗೆ ಎರಡು ಕೈಯೂ ಬೇಕು. ಮೊಬೈಲು ಹಿಡಿದುಕೊಂಡು ಕೂರಲಾಗದು. ನೇರ ಎದುರಿಗೆ ಕೂತರೆ ಅವನ ಮನೆಯ ಮಬ್ಬಿನಲ್ಲಿ ಕೈ ಸರಿಯಾಗಿ ಕಾಣುವುದಿಲ್ಲವೆಂದು ಮಗಳು ಹೇಳಿದ್ದಳು. ಅದಕ್ಕಾಗಿ ಅವನು ಒಂದು ಪಕ್ಕಕ್ಕೆ ಸರಿದು, ಬಾಗಿಲ ಬೆಳಕು ಕೈಯ ಮೇಲೆ ಬೀಳುವ ಹಾಗೆ ಕೂರುತ್ತಿದ್ದ. ಹಾಗೆ ಕೂತು ಕೂತು ಅದು ಅಭ್ಯಾಸವಾಗಿ ಹೋಗಿತ್ತು.

ಮಗಳಿಗೆ ಒಂದು ಹೆಣ್ಣು ಮಗುವಾಯಿತು. ಬಳೆಗಾರ ತಾನೇ ಆರಿಸಿ ಸಣ್ಣ ಕರಿಬಳೆಗಳನ್ನು ಕಳಿಸಿದ. ಮಗು ಕೂರಲು ಕಲಿತು ಕೈ ಆಡಿಸತೊಡಗಿದಾಗ ಮಗಳು ಅದಕ್ಕೆ ಎಲ್ಲಕ್ಕಿಂತ ಮೊದಲು ಅಪ್ಪನ ಹೆಸರನ್ನೇ ಕಲಿಸಹೊರಟಳು. ಬೆರಳು ಹಿಡಿಯುತ್ತಾಳೆ, ಜಾರಿಸುವುದು ಇನ್ನೂ ಬರುತ್ತಿಲ್ಲ, ಇವತ್ತೋ ನಾಳೆಯೋ ಕರೆದುಬಿಡುತ್ತಾಳೆ, ಮೊದಲ ಸಲ ಕರೆದಾಗ ನೀನು ನೋಡಲೇಬೇಕು ಎಂದು ಅಪ್ಪನಿಗೆ ಹೇಳಿದಳು. ಬಳೆಗಾರನಿಗೆ ಅನ್ನ ಸೇರದಾಯಿತು. ಅವನಿಗೆ ಬೇರೇನೂ ಬೇಕಿರಲಿಲ್ಲ. ಆ ಪುಟ್ಟ ಕೈ ತನ್ನ ಹೆಸರು ಹೇಳುವುದನ್ನು ಕಣ್ಣಾರೆ ನೋಡಬೇಕಿತ್ತು, ಅಷ್ಟೇ.

ಅಷ್ಟರಲ್ಲಿ ಬಸ್ಸಿನಿಂದ ಇಳಿಯುವಾಗ ಮೊಬೈಲು ಕೈಜಾರಿ ಬಿತ್ತು. ಮೇಲೆ ಹಾಕಿದ್ದ ಗಾಜು ಚೂರಾಯಿತು, ಒಳಗಿನದು ಉಳಿಯಿತು. ನೋಡಿದವರೊಬ್ಬರು, ಪುಣ್ಯ ಮಾಡಿದ್ದೆ, ಒಳಗಿನದು ಹೋಗಿದ್ದರೆ ಏನೂ ಕಾಣುತ್ತಿರಲಿಲ್ಲ ಎಂದರು. ಬಳೆಗಾರ ಮನೆಗೂ ಹೋಗದೆ ನೇರವಾಗಿ ಮೊಬೈಲ್ ಅಂಗಡಿಗೆ ಹೋದ. ಹೀಗೆ ಗಾಬರಿಯಾಗಿ ಬಂದವರಿಗೆ ಅಂಗಡಿಯವರು ಬಹಳ ಮರ್ಯಾದೆ ಕೊಡುತ್ತಾರೆ.

ಅಂಗಡಿಯವನು ಗಾಜುಗಳನ್ನು ಮುಂದೆ ಹರಡಿದ. ಒಂದು ತೆಳುವಾಗಿತ್ತು, ಒಂದು ದಪ್ಪ. ಒಂದರ ಅಂಚು ಬಾಗಿತ್ತು, ಇನ್ನೊಂದರದು ಚಪ್ಪಟೆ. ಒಂದಕ್ಕೆ ಅಂಚಿಗೆ ಮಾತ್ರ ಅಂಟು, ಒಂದಕ್ಕೆ ಮೈತುಂಬ ಅಂಟು. ಒಂದು ಹೊಳೆಯುತ್ತಿತ್ತು, ಅದರ ಪಕ್ಕದ್ದು ಹೊಳೆಯುತ್ತಿರಲಿಲ್ಲ, ಅದೇ ಅದರ ಹೆಚ್ಚುಗಾರಿಕೆ ಎಂದು ಅಂಗಡಿಯವನು ಹೇಳಿದ. ಯಾವುದನ್ನು ಕೈಗೆತ್ತಿಕೊಂಡರೂ ಇದೇ ಗಟ್ಟಿ ಎನ್ನುತ್ತಿದ್ದ. ಹುಟ್ಟಿದಾಗಿನಿಂದ ಗಾಜಿನ ನಡುವೆಯೇ ಬೆಳೆದವನಿಗೆ ಗಾಜಿನ ಮುಂದೆಯೇ ತಲೆ ಕೆಟ್ಟುಹೋಯಿತು. ಬಳೆಯಾಗಿದ್ದರೆ ಒಂದಕ್ಕೊಂದು ತಾಗಿಸಿ, ಸದ್ದು ಕೇಳಿ, ಬಿರುಕಿದೆಯೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದ. ಇಲ್ಲಿಯೂ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದ. ಎಲ್ಲವೂ ಒಂದೇ ಸದ್ದು ಮಾಡಿದವು. ಅಂಗಡಿಯಲ್ಲಿದ್ದವರು ನಕ್ಕರು. ಹಸಿರು ಬೇಕೋ ಕೆಂಪು ಬೇಕೋ ಎಂದು ತನ್ನ ಪೆಟ್ಟಿಗೆಯ ಮುಂದೆ ಒದ್ದಾಡುವ ಹೆಂಗಸರನ್ನು ಛೇಡಿಸುತ್ತಿದ್ದವನು ಈಗ ಅವರ ಜಾಗದಲ್ಲಿ ನಿಂತು ಬೆವರುತ್ತಿದ್ದ.

“ಕಾಕಾ, ಮೊಬೈಲ್ ಹ್ಯಾಂಗ ಬಳಸ್ತೀರಿ? ಅದನ್ನ ಹೇಳ್ರಿ, ನಾನ ಆರಿಸಿ ಕೊಡ್ತೀನಿ,” ಎಂದ ಅಂಗಡಿಯವನು.

ಇದು ಬಳೆಗಾರನಿಗೆ ಗೊತ್ತಿಲ್ಲದ ಪ್ರಶ್ನೆಯಲ್ಲ. ಯಾವ ಹೆಂಗಸು ಬಂದು ಕೂತರೂ ಪೆಟ್ಟಿಗೆ ತೆರೆಯುವ ಮೊದಲು ಅವನು ಕೇಳುತ್ತಿದ್ದುದು ಅದನ್ನೇ. ಈ ಕೈ ರೊಟ್ಟಿ ಬಡಿಯುವುದೋ, ಹೊಲದಲ್ಲಿ ಕಳೆ ಕೀಳುವುದೋ, ಮದುವೆಗೆ ಹೋಗುವುದೋ? ಕೈ ಮಾಡುವ ಕೆಲಸ ಕೇಳದೆ ಅವನು ಯಾರಿಗೂ ಬಳೆ ತೊಡಿಸಿದವನಲ್ಲ. ಆದರೆ ಆ ನಗುವ ಜನರ ಮುಂದೆ ಕೈಮಾತಿನ ಸುದ್ದಿ ಎತ್ತಲು ಅವನಿಗೆ ಮನಸ್ಸಾಗಲಿಲ್ಲ.

“ಅದೆಲ್ಲಾ ನಿನಗ್ಯಾಕ? ಒಡೀಬಾರದು. ಅಷ್ಟ,” ಎಂದ.

ಅಂಗಡಿಯವನು ಕೊನೆಗೆ ಕಪ್ಪು ಛಾಯೆಯ ಗಾಜೊಂದನ್ನು ತೆಗೆದ. ಇದು ಗಟ್ಟಿಯೂ ಹೌದು, ಮೇಲಾಗಿ ಎದುರಿಗಿದ್ದವರಿಗೆ ಮಾತ್ರ ಕಾಣುತ್ತದೆ, ಪಕ್ಕದಲ್ಲಿ ಕೂತವರಿಗೆ ಬರೀ ಕಪ್ಪು ಎಂದ. ಬಳೆಗಾರನ ಮುಖ ಅರಳಿತು. ಬಸ್ ನಿಲ್ದಾಣದಲ್ಲಿ ಎಂದಾದರೂ ಮಗಳ ಕರೆ ಬಂದರೆ ಅಕ್ಕಪಕ್ಕದವರು ಕತ್ತು ಚಾಚಿ ಇಣುಕುತ್ತಿದ್ದರು. ಅವಳ ಹಾಗೆ ಕೈ ತಿರುಗಿಸಿ ನಗುತ್ತಿದ್ದರು. ಅವಳು ಚಿಕ್ಕವಳಿದ್ದಾಗಿನಿಂದ ಆ ನಗು ಅವನಿಗೆ ಚುಚ್ಚುತ್ತಲೇ ಇತ್ತು. ಇನ್ನು ಯಾರೂ ನನ್ನ ಮಗಳನ್ನು ನೋಡಿ ನಗುವಂತಿಲ್ಲ ಎಂದುಕೊಂಡು ಅದನ್ನೇ ಕೊಂಡ.

ನಾನೇ ಹಾಕಿಕೊಡುತ್ತೇನೆ ಎಂದು ಅಂಗಡಿಯವನು ಕೈ ಚಾಚಿದರೆ ಕೊಡಲಿಲ್ಲ. ಊರಿನ ಹೆಣ್ಣುಮಕ್ಕಳ ಕೈಗೆಲ್ಲ ಗಾಜು ಏರಿಸಿದವನಿಗೆ ಗಾಜು ಹಾಕಲು ಇನ್ನೊಬ್ಬ ಬೇಕೇ ಎಂದು ಮನೆಗೆ ಬಂದ. ಬಿಗಿ ಬಳೆ ಏರದಿದ್ದರೆ ಬಳೆಗಾರರು ಕೈಗೆ ಸಾಬೂನಿನ ನೊರೆ ಹಚ್ಚುತ್ತಾರೆ. ಇವನೂ ಮೊಬೈಲಿನ ಮುಖಕ್ಕೆ ಚೆನ್ನಾಗಿ ನೊರೆ ಹಚ್ಚಿ ಗಾಜು ಇಟ್ಟ. ಅದು ಮೀನಿನ ಹಾಗೆ ಜಾರಿತು. ಹಿಡಿದು ನಿಲ್ಲಿಸಿದರೆ ಒಳಗೆ ಗುಳ್ಳೆ. ಹೆಬ್ಬೆರಳಿನಿಂದ, ಎಳೆಯ ಕೈಯನ್ನು ಒತ್ತುವಷ್ಟು ಮೆತ್ತಗೆ ಒತ್ತಿದ. ಇಲ್ಲಿ ಅಡಗಿದ ಗುಳ್ಳೆ ಅಲ್ಲಿ ಎದ್ದಿತು. ತೆಗೆದ, ಧೋತರದ ಚುಂಗಿನಿಂದ ಒರೆಸಿದ, ಮತ್ತೆ ಇಟ್ಟ. ಈಗ ಧೋತರದ ಎಳೆಯೊಂದು ಒಳಗೆ ಸೇರಿಕೊಂಡಿತ್ತು. ಇಷ್ಟು ವರ್ಷ ಮಾಡಿದ ಕೆಲಸ ಇವತ್ತು ಯಾಕೆ ಕೈಗೆ ಹತ್ತುತ್ತಿಲ್ಲ ಎಂಬುದು ಅವನಿಗೆ ಅರ್ಥವೇ ಆಗಲಿಲ್ಲ. ನೆರೆಮನೆಯಾಕೆ ಬಾಗಿಲಲ್ಲಿ ನಿಂತು ನೋಡಿ, ಮಗುವಿಗೆ ಎರೆದ ಹಾಗೆ ಮೊಬೈಲಿಗೆ ಎರೆಯುತ್ತಿದ್ದೀಯಾ ಎಂದು ಕೇಳಿ ಹೋದಳು.

ಕೊನೆಗೆ ನೀರೆಲ್ಲ ಒತ್ತಿ ತೆಗೆದು, ಮೇಲೆ ಬಟ್ಟೆ ಹೊದಿಸಿ, ಬಳೆ ಪೆಟ್ಟಿಗೆಯನ್ನೇ ಹೇರಿಟ್ಟ. ಮರುದಿನ ನೋಡಿದರೆ, ಮೂಲೆಯಲ್ಲಿ ಒಂದಿಷ್ಟು ಮಂಜು ಹಿಡಿದದ್ದು ಬಿಟ್ಟರೆ, ಗಾಜು ಕೂತಿತ್ತು. ಎದುರಿಗೆ ಹಿಡಿದರೆ ಬೆಳಕು. ಓರೆ ಮಾಡಿದರೆ ಕಪ್ಪು. ಬಳೆಗಾರ ಅದನ್ನು ಹತ್ತಾರು ಸಲ ಓರೆ ಮಾಡಿ ಹಿಗ್ಗಿದ. ಆ ಕಪ್ಪು ಬೇರೆಯವರಿಗೆ ಎಂದು ಅವನ ತಲೆಯಲ್ಲಿತ್ತು.

ಆ ಮಧ್ಯಾಹ್ನ ಮಗಳ ಕರೆ ಬಂತು. ಗುಂಡಿ ಒತ್ತಿದ, ಮೊಬೈಲನ್ನು ಪೆಟ್ಟಿಗೆಗೆ ಆನಿಸಿದ, ಎಂದಿನಂತೆ ಪಕ್ಕಕ್ಕೆ ಸರಿದು ಬಾಗಿಲ ಬೆಳಕಿಗೆ ಕೂತ. ತಲೆಯೆತ್ತಿ ನೋಡಿದರೆ ಮಗಳಿಲ್ಲ. ಕಪ್ಪು.

ಮೊದಲು ನೆಟ್‌ವರ್ಕ್ ಇಲ್ಲವೆಂದುಕೊಂಡ. ಆಮೇಲೆ ಸಾಬೂನಿನ ನೀರು ಒಳಗೆ ಇಳಿದು ಮೊಬೈಲು ಕೆಟ್ಟಿತೆಂದುಕೊಂಡ. ನಾನೇ ನನ್ನ ಕೈಯಾರೆ ಹಾಳು ಮಾಡಿದೆ ಎಂದು ಹಣೆ ಬಡಿದುಕೊಂಡ. ಕೂತಲ್ಲಿಂದಲೇ ಆ ಕಪ್ಪಿನ ಕಡೆಗೆ ಕೈ ಮಾಡಿ, ನೀನು ಕಾಣುತ್ತಿಲ್ಲ, ಕಾಣುತ್ತಿಲ್ಲ ಎಂದು ಹೇಳಿದ. ತಾನು ಕೂರುವುದೇ ಪಕ್ಕದಲ್ಲಿ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಆಗ ಕಪ್ಪಿನೊಳಗಿಂದ ಬಳೆಗಳ ಸದ್ದು ಬಂತು. ಮಗಳು ಮಾತಾಡಿದರೆ ಅವಳ ಬಳೆಗಳು ಸದ್ದು ಮಾಡುತ್ತಿದ್ದವು. ಅವಳಿಗೆ ಅದು ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಇವತ್ತು ಅವು ಅವಸರ ಅವಸರವಾಗಿ ಬಡಿದುಕೊಳ್ಳುತ್ತಿದ್ದವು. ಬೇಗ, ಇಲ್ಲಿ ನೋಡು ಎಂಬ ಹಾಗೆ. ಆಮೇಲೆ ಅವು ಸುಮ್ಮನಾದವು. ಸುಮ್ಮನಾದ ಮೇಲೆ ಬಹಳ ಸಣ್ಣದೊಂದು ಸದ್ದು ಕೇಳಿಸಿತು. ಪುಟ್ಟ ಬಳೆಗಳು ಒಂದರ ಮೇಲೊಂದು ಸರಿದು ಮಣಿಕಟ್ಟಿನ ಮೇಲಕ್ಕೆ ಏರಿದ ಸದ್ದು. ಜೀವಮಾನವೆಲ್ಲ ಕೇಳಿದ ಸದ್ದು ಅದು. ಅದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗು ಅವನನ್ನು ಕರೆಯುತ್ತಿತ್ತು.

ಅವನು ಎದ್ದು ಮೊಬೈಲಿಗೆ ಕೈ ಹಾಕಿದ. ಆತುರಕ್ಕೆ ಅದು ಪೆಟ್ಟಿಗೆಯಿಂದ ಕೆಳಗೆ ಬಿತ್ತು. ಗಾಜು ಒಡೆಯಲಿಲ್ಲ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಎತ್ತಿಕೊಂಡು ಮುಖದ ಎದುರಿಗೆ ಹಿಡಿದ. ಬೆಳಕು ಬಂತು, ಮಗಳು ಬಂದಳು. ಮಗು ಆಗಲೇ ತಾಯಿಯ ಹೆಗಲಿಗೆ ಮುಖ ಒತ್ತಿ ಮಲಗಿತ್ತು. ಮಗಳ ಕಣ್ಣಲ್ಲಿ ನೀರು, ಮುಖದ ತುಂಬ ನಗು. ಮಗುವನ್ನೇ ನೋಡುತ್ತಿದ್ದ ಅವಳು ಅಪ್ಪನ ಕೈ ಹೇಳಿದ್ದನ್ನು ಕಂಡಿರಲಿಲ್ಲ. ನೋಡಿದೆಯಾ ಎಂದು ಕೈ ಮಾಡಿ ಕೇಳಿದಳು. ಬಳೆಗಾರನಿಗೆ ಎದೆ ಒಡೆದ ಹಾಗಾಯಿತು. ಹೌದೆಂದರೆ ಸುಳ್ಳು. ಇಲ್ಲವೆಂದರೆ ಆ ನಗು ಉಳಿಯುವುದಿಲ್ಲ. ಅವನು ಮೊಬೈಲು ಹಿಡಿದುಕೊಂಡು ಹಾಗೇ ನಿಂತ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು.

ಬಳೆಗಾರನ ಮೇಲೆ ಅಡವಯ್ಯನಿಗೆ ಕನಿಕರವೂ ಬಂತು, ಸಿಟ್ಟೂ ಬಂತು. ಆದರೆ ತಾನು ಕೇಳಿದ್ದಕ್ಕೂ ಈ ಕತೆಗೂ ಏನು ಸಂಬಂಧ ಎಂಬುದು ಮಾತ್ರ ಬಗೆಹರಿಯಲಿಲ್ಲ. ಗಾಜು ಹಾಕಿಸದಿದ್ದರೆ ಮೊಬೈಲು ಒಡೆಯುತ್ತದೆ. ಹಾಕಿಸಿದರೆ ಹೀಗಾಗುತ್ತದೆ. ಗುರುಗಳು ಹಾಕು ಎನ್ನುತ್ತಿದ್ದಾರೋ ಬೇಡ ಎನ್ನುತ್ತಿದ್ದಾರೋ?

“ಹಂಗಾದ್ರ ಗಾಜ ಹಾಕಸಬಾರದ ಏನ್ರಿ, ಅಜ್ಜಾರ?” ಎಂದು ಕೇಳಿದ.

ಗುರುಗಳು ಬಾಗಿಲ ಕಡೆ ನೋಡಿದರು.

“ನಿಮ್ಮಣ್ಣ ಮುಂಜಾನಿಂದ ಕಟ್ಟಿ ಮ್ಯಾಲ ಕುಂತಾನ, ಅಂವ ಕುಂತ ಕಡಿಂದ ನೀ ಕಾಣ್ತೀಯೇನು, ಇಲ್ಲಾ ಬರೀ ಕಪ್ಪೇನು?”