ಹಿಡಿಕೆಗೆ ಕಟ್ಟಿದ ಶಾಲು

“ಗುರುಗಳೇ, ಒಳ್ಳೆಯ ಯಜಮಾನನೊಬ್ಬ ಸತ್ತರೆ ಅವನ ನೆನಪನ್ನು ಉಳಿಸಿಕೊಳ್ಳುವುದು ಹೇಗೆ?” ಎಂದು ಶಿಷ್ಯ ಕೇಳಿದ. ಅವನು ತನ್ನ ಊರಿನ ದೊಡ್ಡ ವ್ಯಾಪಾರಿಯೊಬ್ಬನ ಮಣ್ಣು ಮುಗಿಸಿಕೊಂಡು ಬಂದಿದ್ದ. “ಹೆಂಡತಿ ಮಕ್ಕಳೆಂದರೆ ಅವನಿಗೆ ಪ್ರಾಣ. ಆಳುಗಳ ಮೇಲೂ ಅಷ್ಟೇ ಪ್ರೀತಿ. ಎಲ್ಲ ಭಾರವನ್ನೂ ತಾನೇ ಹೊತ್ತಿದ್ದ. ಈಗ ಊರಿಗೆ ಊರೇ ದಿಕ್ಕು ತೋಚದೆ ಕೂತಿದೆ.”

ಗುರು ಅವನನ್ನು ಕೂರಿಸಿ ಈ ಕತೆ ಹೇಳಿದ.

ಒಂದು ಊರಿನಲ್ಲಿ ಒಬ್ಬ ಧಣಿಯಿದ್ದ. ಭತ್ತವನ್ನು ನೆನೆಹಾಕಿ, ಆವಿಯಲ್ಲಿ ಬೇಯಿಸಿ ಅಕ್ಕಿ ಮಾಡುವ ಗಿರಣಿ ಅವನದು. ವರ್ತಕರ ಸಂಘಕ್ಕೆ ಅವನೇ ಅಧ್ಯಕ್ಷ. ಪೇಟೆಯಲ್ಲಿ ಜಗಳವಾದರೆ ನ್ಯಾಯ ಹೇಳಲು ಅವನೇ ಬರಬೇಕು. ಎಷ್ಟೇ ಕೆಲಸವಿರಲಿ, ಮಧ್ಯಾಹ್ನದ ಊಟವನ್ನು ಮನೆಯವರ ಜೊತೆ ಕೂತೇ ಮಾಡುತ್ತಿದ್ದ. ಒಳ್ಳೆಯವನೇ. ಇದರಲ್ಲಿ ಸುಳ್ಳಿಲ್ಲ.

ಆ ಗಿರಣಿಯ ಬಾಯ್ಲರಿಗೆ ಹೊಟ್ಟು ಹಾಕಿ ಬೆಂಕಿ ನೋಡಿಕೊಳ್ಳುತ್ತಿದ್ದವನು ಹುಲಗಪ್ಪ. ಅವನ ಹೆಂಡತಿ ಸಂಕ್ರಮ್ಮ ಗೋಡೆಯ ಆಚೆ, ಭತ್ತ ನೆನೆಹಾಕುವ ತೊಟ್ಟಿಗಳ ಹತ್ತಿರ ಕೆಲಸ ಮಾಡುತ್ತಿದ್ದಳು.

ಬಾಯ್ಲರಿನ ಮುಂದೆ ಆವಿಯ ಒತ್ತಡ ತೋರಿಸುವ ಮುಳ್ಳಿನ ಮಾಪಕವಿತ್ತು; ನೆತ್ತಿಯ ಮೇಲೆ ಒಂದು ಕಬ್ಬಿಣದ ಹಿಡಿಕೆಯಿತ್ತು. ಒಳಗೆ ಆವಿ ಮಿತಿಮೀರಿದರೆ ಆ ಹಿಡಿಕೆ ತಾನಾಗಿ ಮೇಲೇಳಬೇಕು, ಹೆಚ್ಚಾದ ಆವಿಯನ್ನು ಹೊರಗೆ ಬಿಡಬೇಕು. ತುಕ್ಕು ಹಿಡಿದು ಕಚ್ಚಿಕೊಳ್ಳದಿರಲಿ ಎಂದು ದಿನಕ್ಕೊಮ್ಮೆ ಅದನ್ನು ಕೈಯಿಂದ ಎತ್ತಿ ನೋಡಬೇಕು. ಆ ಕೆಲಸವನ್ನು ಧಣಿ ಇನ್ನೊಬ್ಬರಿಗೆ ಬಿಟ್ಟವನಲ್ಲ. ದಿನಾ ಬೆಳಿಗ್ಗೆ ಬಂದು, ಹೆಗಲ ಶಾಲನ್ನು ಕೈಗೆ ಸುತ್ತಿಕೊಂಡು, ಹಿಡಿಕೆ ಎತ್ತುತ್ತಿದ್ದ. ಬಾಯ್ಲರು ಒಮ್ಮೆ ಬುಸ್ಸೆನ್ನುತ್ತಿತ್ತು. ಧಣಿ ಶಾಲು ಕೊಡವಿಕೊಂಡು ಹೋಗುತ್ತಿದ್ದ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹುಲಗಪ್ಪ, “ನಾನು ಎತ್ತತೀನಿ ಬಿಡ್ರಿ ಧಣಿ” ಎಂದು ಕೈ ಚಾಚಿದ್ದ.

ಧಣಿ ಅವನ ಕೈ ಹಿಡಿದು ಹಿಂದಕ್ಕೆ ಸರಿಸಿದ. “ಬ್ಯಾಡೋ ತಮ್ಮಾ, ಕೈ ಸುಟ್ಟುಕೊಂಡೀಯ. ಸಣ್ಣ ಮಕ್ಕಳದಾವ ನಿನಗ. ಮುಳ್ಳು ಕೆಂಪು ಗೆರಿ ದಾಟಿತಂದ್ರ ನನ್ನ ಕರಿ, ಸಾಕು. ಉಳಿದದ್ದು ನನಗ ಬಿಡು.”

ಹುಲಗಪ್ಪನ ಕಣ್ಣು ತುಂಬಿ ಬಂತು. ತನ್ನ ಕೈ ಸುಟ್ಟೀತೆಂದು ಅದುವರೆಗೆ ಯಾರೂ ಚಿಂತೆ ಮಾಡಿರಲಿಲ್ಲ. ಅಂದಿನಿಂದ ಅವನು ಆ ಹಿಡಿಕೆಯ ತಂಟೆಗೆ ಹೋಗಲಿಲ್ಲ. ವರ್ಷಕ್ಕೆ ಒಂದೋ ಎರಡೋ ಸಲ ಮುಳ್ಳು ಗೆರೆ ದಾಟುತ್ತಿತ್ತು. ಹುಲಗಪ್ಪ ಓಡಿಹೋಗಿ ಕರೆಯುತ್ತಿದ್ದ. ಧಣಿ ಉಣ್ಣುತ್ತಿದ್ದರೆ ತಟ್ಟೆ ಬಿಟ್ಟು, ಎಂಜಲುಗೈಯಲ್ಲೇ ಬಂದು ಹಿಡಿಕೆ ಎತ್ತುತ್ತಿದ್ದ. ಹೀಗೆ ಹದಿನೆಂಟು ವರ್ಷ ನಡೆಯಿತು.

ಸಂಕ್ರಮ್ಮ ಮಾತ್ರ ಗಂಡನನ್ನು ಚುಚ್ಚುತ್ತಿದ್ದಳು. “ಇಷ್ಟು ವರ್ಷ ಅದರ ಮಗ್ಗುಲಾಗ ನಿಂತೀಯಲ್ಲ, ಆ ಹಿಡಿಕಿ ಏನು ಮಾಡತೈತಿ ಅಂತ ಒಂದು ದಿನಾನೂ ಕೇಳಲಿಲ್ಲೇನು?”

“ಧಣಿ ಅದಾರಲ್ಲ, ನನಗ್ಯಾಕ ಅದರ ಉಸಾಬರಿ?”

“ಹಂಗಾದ್ರ ನಾಳಿಂದ ನಿನ್ನ ತಲಿನೂ ಅವರೇ ಬಂದು ಬಾಚಲಿ” ಎಂದು ಅವಳು ನಗುತ್ತಿದ್ದಳು. ಅವನೂ ನಗುತ್ತಿದ್ದ.

ಒಂದು ಮಧ್ಯಾಹ್ನ ಧಣಿ ಊಟಕ್ಕೆ ಕೂತಿದ್ದ. ಮೊಮ್ಮಗಳ ಬಾಯಿಗೆಂದು ತುತ್ತು ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಮಗು ಬಾಯಿ ತೆರೆದುಕೊಂಡೇ ಇತ್ತು. ಧಣಿ ಪಕ್ಕಕ್ಕೆ ವಾಲಿದ. ವೈದ್ಯ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಪೇಟೆ ಬಾಗಿಲು ಹಾಕಿತು. ಗಿರಣಿಯವರು ಸ್ವಂತ ಅಪ್ಪ ಸತ್ತಂತೆ ಅತ್ತರು. ಹುಲಗಪ್ಪ ಮೂರು ದಿನ ಅನ್ನ ಮುಟ್ಟಲಿಲ್ಲ.

ಹನ್ನೊಂದನೆಯ ದಿನ ಗಿರಣಿಯ ಅಂಗಳದಲ್ಲಿ ಪೆಂಡಾಲು ಹಾಕಿ ನೆನಪಿನ ಸಭೆ ಇಟ್ಟರು. ಅಂದೇ ಬೆಳಿಗ್ಗೆ ಗಿರಣಿಯನ್ನೂ ಮತ್ತೆ ಶುರು ಮಾಡಿದರು. ಬೆಂಕಿ ಹಚ್ಚುವ ಮೊದಲು ಧಣಿಯ ಮಗ ಅಪ್ಪನ ಶಾಲನ್ನು ತಂದು ಹುಲಗಪ್ಪನ ಕೈಗಿಟ್ಟ. “ಇದು ಬಾಯ್ಲರ್ ಮನ್ಯಾಗ ಇರಲಿ. ಅಪ್ಪಾವರ ಜೀವ ಇಲ್ಲೇ ಇತ್ತು.”

ಹುಲಗಪ್ಪ ಶಾಲನ್ನು ಕಣ್ಣಿಗೊತ್ತಿಕೊಂಡ. ಎಲ್ಲಿಡಬೇಕು ಎಂದು ಯೋಚಿಸಬೇಕಾಗಲಿಲ್ಲ. ಏಣಿ ಹತ್ತಿ, ಆ ಹಿಡಿಕೆಯನ್ನೂ ಕೆಳಗಿನ ಕೊಳವೆಯನ್ನೂ ಸೇರಿಸಿ ಶಾಲು ಸುತ್ತಿ, ಬಿಗಿಯಾಗಿ ಮೂರು ಗಂಟು ಹಾಕಿದ. ಧಣಿ ಮುಟ್ಟಿದ್ದನ್ನು ಇನ್ನು ಮುಂದೆ ಬೇರೆ ಕೈ ಮುಟ್ಟಬಾರದು ಎಂಬುದು ಅವನ ಆಸೆ. ಗಿರಣಿಯ ಮೇಸ್ತ್ರಿ ಅದಕ್ಕೊಂದು ಹೂವಿನ ಹಾರ ಹಾಕಿದ. ಗಿರಣಿಯವರೆಲ್ಲ ಸಾಲಾಗಿ ಬಂದು ಕೈಮುಗಿದು ಹೋದರು. ಆ ಹಿಡಿಕೆ ಯಾಕಿದೆ ಎಂದು ಆ ಸಾಲಿನಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಪೆಂಡಾಲಿನ ವೇದಿಕೆಯ ಮೇಲೆ ಫೋಟೋ ಆಗಿದ್ದ.

ಸಭೆ ಶುರುವಾಗುವಾಗ ಗೌರವಕ್ಕೆಂದು ಗಿರಣಿಯ ಯಂತ್ರಗಳನ್ನು ನಿಲ್ಲಿಸಿದರು. ತೊಟ್ಟಿಗಳಿಗೆ ಹೋಗುವ ಆವಿಯನ್ನೂ ನಿಲ್ಲಿಸಿದರು. ಆದರೆ ಹೊಟ್ಟಿನ ಬೆಂಕಿ ಯಾರಿಗೂ ಗೌರವ ಕೊಡುವುದಿಲ್ಲ. ಒಮ್ಮೆ ಹತ್ತಿಕೊಂಡರೆ ಅದು ತಾಸುಗಟ್ಟಲೆ ಉರಿಯುತ್ತದೆ. ಆವಿ ಹುಟ್ಟುತ್ತಲೇ ಇತ್ತು, ಹೋಗಲು ದಾರಿಯಿರಲಿಲ್ಲ. ನೆನೆದ ಭತ್ತ ನಾರದಂತೆ ನೀರು ಬದಲಿಸಲು ಮೂವರು ಹೆಂಗಸರನ್ನು ತೊಟ್ಟಿಗಳ ಹತ್ತಿರ ಉಳಿಸಿದ್ದರು. ಅವರಲ್ಲಿ ಸಂಕ್ರಮ್ಮನೂ ಒಬ್ಬಳು.

ಹುಲಗಪ್ಪ ಮುಳ್ಳು ನೋಡಿದ. ಅದು ಕೆಂಪು ಗೆರೆ ದಾಟಿತ್ತು. ಸಲಿಕೆ ತೆಗೆದುಕೊಂಡು ಒಲೆಯಿಂದ ಕೆಂಡ ಎಳೆದ. ಎಳೆದಷ್ಟೂ ಒಳಗೆ ಉಳಿದಿತ್ತು. ಮುಳ್ಳು ಇನ್ನೂ ಮುಂದೆ ಸರಿಯಿತು. ಆ ಮುಳ್ಳನ್ನು ಅಷ್ಟು ದೂರದಲ್ಲಿ ಅವನು ಎಂದೂ ಕಂಡಿರಲಿಲ್ಲ.

ಏಣಿ ಅಲ್ಲೇ ಇತ್ತು. ಚೀಲ ಕೊಯ್ಯುವ ಕುಡುಗೋಲು ಸೊಂಟದಲ್ಲಿತ್ತು. ಅವನು ಏಣಿಯ ಮೇಲೆ ಒಂದು ಕಾಲಿಟ್ಟು ಮೇಲೆ ನೋಡಿದ. ಶಾಲು ಕಂಡಿತು. ಕಾಲು ತಾನಾಗಿ ಕೆಳಗಿಳಿಯಿತು. ಮುಳ್ಳು ಗೆರೆ ದಾಟಿದರೆ ಏನು ಮಾಡಬೇಕೆಂದು ಅವನಿಗೆ ಹೇಳಿಕೊಟ್ಟಿದ್ದು ಒಂದೇ. ಅವನು ಅದನ್ನೇ ಮಾಡಿದ. ಕರೆಯಲು ಓಡಿದ.

ಪೆಂಡಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಎದ್ದು, ಎಂಥ ತಂದೆ, ಎಂಥ ನಾಯಕ ಎಂದು ಹೇಳಿ ಕೂತಿದ್ದರು. ಹೇಳಿದವರಲ್ಲಿ ಬಾಯ್ಲರ್ ಮನೆಗೆ ಒಮ್ಮೆ ಕಾಲಿಟ್ಟವನೂ ಇರಲಿಲ್ಲ. ಹುಲಗಪ್ಪ ಬರುವ ಹೊತ್ತಿಗೆ ಎಲ್ಲರೂ ಎದ್ದು ನಿಂತು ತಲೆ ತಗ್ಗಿಸಿದ್ದರು. ಧಣಿಯ ಮಗ ವೇದಿಕೆಯ ಮೇಲೆ ಕಣ್ಣು ಮುಚ್ಚಿ ನಿಂತಿದ್ದ.

ಹುಲಗಪ್ಪ ನುಗ್ಗಲು ಹೋದ. ಮೇಸ್ತ್ರಿ ಅವನ ರಟ್ಟೆ ಹಿಡಿದು, ಕಿವಿಯಲ್ಲಿ ಹೇಳಿದ. “ಏ ಹುಲಗ್ಯಾ, ಕಣ್ಣು ಕಾಣವಲ್ಲವೇನು? ಮೌನ ನಡದೈತಿ. ಎರಡು ನಿಮಿಷ ಬಾಯಿ ಮುಚ್ಚಿಕೊಂಡು ನಿಲ್ಲು.”

“ಮೇಸ್ತ್ರಿ, ಅಲ್ಲಿ ಮುಳ್ಳು—”

“ಸತ್ತವರಿಗೆ ಎರಡು ನಿಮಿಷ ಕೊಡಾಕ ಆಗಲ್ಲೇನು ನಿನಗ? ನಿನ್ನ ಕೈಹಿಡಿದು ಕಾಪಾಡಿದ ಮನುಷ್ಯಾನೋ ಅವರು.”

ಆ ಮಾತು ಹುಲಗಪ್ಪನಿಗೆ ತಟ್ಟಿತು. ಕೂಗಿದ್ದರೆ ಸಾಕಿತ್ತು. ಪೆಂಡಾಲಿಗೆಲ್ಲ ಕೇಳುವಂಥ ಗಂಟಲು ಅವನಿಗಿತ್ತು. ಅವನು ಕೂಗಲಿಲ್ಲ. ಎಲ್ಲರಂತೆ ತಲೆ ತಗ್ಗಿಸಿದ. ಕೈಕಟ್ಟಿ ನಿಂತ. ಮನಸ್ಸಿನಲ್ಲಿ ಎಣಿಸತೊಡಗಿದ, ಎರಡು ನಿಮಿಷ ಬೇಗ ಮುಗಿಯಲಿ ಎಂದು.

ಮುಗಿಯಲಿಲ್ಲ. ಬಾಯ್ಲರು ಸಿಡಿಯಿತು.

ಕಬ್ಬಿಣದ ಚೂರುಗಳು ಪೆಂಡಾಲಿನ ಮೇಲೆ ಹಾದುಹೋದವು. ಬಾಯ್ಲರಿಗೂ ತೊಟ್ಟಿಗಳಿಗೂ ನಡುವೆ ಇದ್ದ ಗೋಡೆ ಇರಲಿಲ್ಲ. ತೊಟ್ಟಿಗಳೂ ಇರಲಿಲ್ಲ. ಮೂವರು ಹೆಂಗಸರಲ್ಲಿ ಯಾರು ಯಾರೆಂದು ಬಳೆ ನೋಡಿ ಗುರುತಿಸಬೇಕಾಯಿತು.

ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ಹುಲಗಪ್ಪ ಮಾತ್ರ ನಿಂತಲ್ಲೇ ನಿಂತಿದ್ದ. ಕೈಗಳು ಇನ್ನೂ ಕಟ್ಟಿಕೊಂಡೇ ಇದ್ದವು. ಆಗ ಅವನ ಬಾಯಿ ತೆರೆಯಿತು. ತಗ್ಗಿದ ದನಿಯಲ್ಲಿ, ಮರ್ಯಾದೆಯಿಂದ, ಎದುರಿಗೆ ಬಿದ್ದಿದ್ದ ಫೋಟೋವನ್ನು ನೋಡುತ್ತ ಹೇಳಿದ: “ಧಣಿ, ಮುಳ್ಳು ಗೆರಿ ದಾಟೈತ್ರಿ. ಸ್ವಲ್ಪ ಬರ್ರಿ.”

ಗುರು ಕತೆ ನಿಲ್ಲಿಸಿದ. ಶಿಷ್ಯ ಕೇಳಿದ. “ಗುರುಗಳೇ, ಆ ಮೂವರ ಸಾವಿಗೆ ಯಾರು ಹೊಣೆ? ಶಾಲು ತಂದ ಮಗನೇ? ಬಾಯಿ ಮುಚ್ಚಿಸಿದ ಮೇಸ್ತ್ರಿಯೇ? ಗಂಟು ಹಾಕಿದ ಹುಲಗಪ್ಪನೇ?”

ಗುರು ಹೇಳಿದ: “ಹದಿನೆಂಟು ವರ್ಷ ಒಬ್ಬ ಗಂಡಸಿಗೆ ಒಂದು ಹಿಡಿಕೆಯನ್ನೂ ಮುಟ್ಟಗೊಡದೆ ಸಾಕಿದ ಆ ಒಳ್ಳೆಯವನೊಬ್ಬನನ್ನು ಬಿಟ್ಟು, ನೀನು ಎಲ್ಲರ ಹೆಸರನ್ನೂ ಹೇಳಿದೆ.”