ಸಾತವ್ವನ ಹೊಂಡ

ಕರಿಗುಡ್ಡದ ಪಡುವಣ ಮಗ್ಗುಲಿಗೆ ಬಂದವರಿಗೆ ಮೊದಲು ಕಾಣುವುದು ಚಾವಣಿ ಕುಸಿದ ಸಾಲುಕೋಣೆಗಳು, ಬಣ್ಣದ ಹಂಚು ಹಾಸಿದ ಒಣ ತೊಟ್ಟಿ. ಅದರ ಗೋಡೆಯಾಚೆ, ಇಳಿಜಾರಿನಲ್ಲಿ, ಗಂಧಕದ ವಾಸನೆಯ ಪುಟ್ಟ ಹೊಂಡವೊಂದಿದೆ. ಇಷ್ಟು ದೊಡ್ಡ ತೊಟ್ಟಿಯನ್ನು ಬಿಟ್ಟು ಆ ಗುಂಡಿಗೇಕೆ ಹೆಸರು ಎಂದು ಬಂದವರೆಲ್ಲ ಕೇಳುತ್ತಾರೆ. ಕೇಳದಿದ್ದರೆ ನಮಗೂ ಸುಖವಾಗಿತ್ತು.

ಹಿಂದೆ ಒಮ್ಮೆ ಇಲ್ಲಿ ಕಲ್ಲುಸಂದಿಯ ಬಿಸಿನೀರ ಬುಗ್ಗೆಯೊಂದೇ ಇತ್ತು. ಎಮ್ಮೆ ಮೇಯಿಸುವ ಸಾತವ್ವನಿಗಷ್ಟೇ ಅದು ಗೊತ್ತು. ಊರ ಅಡಿವೆಪ್ಪ ದೇಸಾಯಿಗೆ ಮೈತುಂಬ ಕಜ್ಜಿಯಾಗಿ, ವೈದ್ಯರೆಲ್ಲ ಕೈಚೆಲ್ಲಿದಾಗ, ಅವಳೇ ಕರೆತಂದು ಮೀಯಿಸಿದಳು ಎನ್ನುತ್ತಾರೆ. ಕಜ್ಜಿ ಮಾಯವಾಯಿತು, ದೇಸಾಯಿಗೆ ಆಸೆ ಹತ್ತಿತು. ತೊಟ್ಟಿ ಕಟ್ಟಿಸಿದ, ಕೋಣೆ ಎಬ್ಬಿಸಿದ. ಪುಣೆ, ಮುಂಬಯಿಗಳಿಂದ ಮೋಟಾರುಗಳು ಬಂದವು. ಊರಿಗೆ ಊರೇ ಅತಿಥಿಗಳ ಅಡುಗೆಗೆ, ಹಾಲಿಗೆ, ಮೈ ತಿಕ್ಕಲಿಕ್ಕೆ ನಿಂತಿತು. ಅಬ್ಬಬ್ಬಾ, ಏನು ಮೆರೆದಾಟ! ಅಷ್ಟರಲ್ಲಿ ಮುಪ್ಪಾದ ಸಾತವ್ವನ ಕಾಲಿಗೆ ಹುಣ್ಣಾಯಿತು. ಬೆಳಿಗ್ಗೆ ಆ ನೀರಿನಲ್ಲಿ ಕಾಲಿಟ್ಟು ಕೂತರಷ್ಟೇ ಅವಳಿಗೆ ನಡೆದಾಡಲು ಆಗುತ್ತಿತ್ತು. ಅತಿಥಿಗಳು ಮೂಗು ಮುರಿದರು. "ಸೀಜನ್ ಮುಗದ ಮ್ಯಾಲೆ ಬಾ, ಆಯಿ" ಎಂದ ದೇಸಾಯಿ. ಸೀಜನ್ ಮುಗಿಯಲೇ ಇಲ್ಲ. ಪಾಪ, ಅವಳು ಗೋಡೆಯ ಹೊರಗೆ, ತೊಟ್ಟಿಯ ಬಚ್ಚಲುನೀರು ಹರಿಯುವಲ್ಲಿ ಕಾಲು ಚಾಚಿ ಕೂತಳು. ಕಿಟಕಿಯಿಂದ ಅದೂ ಕಾಣುತ್ತದೆಂದು ದೂರು ಬಂದಾಗ ಆ ಕಾಲುವೆಯನ್ನೇ ಬೇರೆ ಕಡೆ ತಿರುಗಿಸಿದರು. ಸಲಿಕೆ ಹಿಡಿದವರು ನಮ್ಮೂರವರೇ, ಅವಳ ಎಮ್ಮೆಯ ಹಾಲು ಕುಡಿದು ಬೆಳೆದವರೇ. "ನೀವು ಚೆಲ್ಲೋ ನೀರಾಗ ಕಾಲಿಟ್ರ ನಿಮ್ಮದೇನ ಹೋಗತೈತ್ರೋ?" ಎಂದಳಂತೆ. ಅವರು ಮಣ್ಣು ಎಳೆಯುತ್ತಲೇ ಹೋದರು. ಥೂ, ಹೇಳಲಿಕ್ಕೂ ನಾಚಿಕೆಯಾಗುತ್ತದೆ.

ಬರಬರುತ್ತ ಜನ ಹೆಚ್ಚಿ ನೀರು ಸಾಲದಾಯಿತು. ಬುಗ್ಗೆಯ ಬಾಯಿ ಅಗಲವಾಗಲೆಂದು ದೇಸಾಯಿ ಮದ್ದು ಸಿಡಿಸಿದ. ಬುಡದ ಬಂಡೆ ಬಿರಿದು ತೊಟ್ಟಿ ಬತ್ತಿತು. ಬಿಸಿನೀರು ಗೋಡೆಯಾಚೆ, ಸಾತವ್ವ ಕೂರುತ್ತಿದ್ದ ಜಾಗದಲ್ಲೇ ಉಕ್ಕಿತು. ಅತಿಥಿಗಳು ಗಂಟುಮೂಟೆ ಕಟ್ಟುತ್ತಿದ್ದರೆ ದೇಸಾಯಿ ಅವಳ ಗುಡಿಸಲಿಗೆ ಓಡಿದ. ಕಾಲೂರಲಾಗದೆ ಹಾಸಿಗೆ ಹಿಡಿದಿದ್ದವಳನ್ನು ಹೆಗಲ ಮೇಲೆ ಹೊತ್ತು ತಂದ. "ಆಯಿ, ನಿನ್ನ ನೀರು ಬಂದೈತಿ, ಕಾಲಿಡು" ಎನ್ನುತ್ತ ಅವಳ ಎರಡೂ ಕಾಲು ನೀರಿಗಿಳಿಸಿ, ತಿಕ್ಕಿದ, ಮತ್ತೆ ತಿಕ್ಕಿದ. ಕಾಲು ಬೆಚ್ಚಗಾಗಲೇ ಇಲ್ಲ. ದಾರಿಯಲ್ಲೇ ಅವಳ ಜೀವ ಹೋಗಿತ್ತು. ಹೊಂಡಕ್ಕೆ ಅವಳ ಹೆಸರಿಟ್ಟವನು ದೇಸಾಯಿಯೇ ಎನ್ನುತ್ತಾರೆ.

ಈಗಲೂ ದಾರಿಹೋಕರು ಅಲ್ಲಿ ಕಾಲಿಳಿಬಿಟ್ಟು ಕೂರುವುದನ್ನು ನೋಡಬಹುದು. ಹುಣ್ಣಿನವರು ಬಂದರೆ ದಂಡೆಯವರೆಗೆ ನಾವೇ ಕೈಹಿಡಿದು ಕರೆದೊಯ್ಯುತ್ತೇವೆ. ನೀರು ಬಹಳ ಬಿಸಿಯೇ ಎಂದು ಕೇಳಿದರೆ "ಹದಾ ಐತಂತ್ರೀ" ಎನ್ನುತ್ತೇವೆ. ನಮ್ಮೂರವರು ಯಾರೂ ಇಂದಿಗೂ ಅದರಲ್ಲಿ ಕೈ ಅದ್ದಿ ನೋಡಿದವರಲ್ಲ.