ಹಂಚಿನ ಗೌರಿಯು ನೀಲಗಂಗವ್ವನ ಮನೆಗೆ ಮರಳಿದ ಕಥೆ

ದೀಪದ ಕುಡಿಯನ್ನು ಸರಿಮಾಡಿ, ಅಕ್ಷತೆಯನ್ನು ಕೈಯಲ್ಲಿ ಹಿಡಿದು, ಸೊಂಟಕ್ಕೆ ಸಿಕ್ಕಿಸಿದ ಫೋನುಗಳನ್ನು ಅತ್ತ ಇಟ್ಟು ಕುಳಿತ ತಾಯಂದಿರೇ, ಹಂಚಿನ ಗೌರಿಯ ಮಹಿಮೆಯನ್ನು ಹೇಳುತ್ತೇನೆ, ಲಾಲಿಸಿರಿ. ಕೈಲಾಸದಲ್ಲಿ ಒಂದು ದಿನ ಪಾರ್ವತೀದೇವಿಯು ಪರಮೇಶ್ವರನನ್ನು ಕುರಿತು, ‘ಸ್ವಾಮಿ, ಕಲಿಯುಗದಲ್ಲಿ ಬೆರಳೊತ್ತಿದರೆ ಸಂಪತ್ತು ಸುರಿಯುವುದೆಂದು ನಂಬಿ ಕೆಟ್ಟ ಹೆಣ್ಣುಮಕ್ಕಳಿಗೆ ಮತ್ತೆ ಏಳಿಗೆಯಾಗುವ ದಾರಿ ಯಾವುದು’ ಎಂದು ಕೇಳಲಾಗಿ, ಪರಮೇಶ್ವರನು ನಕ್ಕು, ‘ನಿನ್ನ ವ್ರತದ ಕಥೆಯನ್ನು ನನ್ನ ಬಾಯಿಂದ ಹೇಳಿಸುವ ಉಪಾಯವೋ ಇದು’ ಎಂದು ಹೇಳತೊಡಗಿದನು.

ಕುಂತಳ ದೇಶದಲ್ಲಿ ಮಲಪ್ರಭೆಯ ದಂಡೆಯ ಮೇಲೆ ಸಿರಿಗಟ್ಟಿ ಎಂಬ ಪೇಟೆಯಿತ್ತು. ಅಲ್ಲಿ ನೀಲಗಂಗವ್ವ ಎಂಬ ಗೃಹಿಣಿಯು ಜೋಳದ ರೊಟ್ಟಿ ಮಾಡಿ ಮಾರುವ ಮನೆಯನ್ನು ನಡೆಸುತ್ತಿದ್ದಳು. ಅವಳ ಗಂಡ ಚನ್ನಮಲ್ಲಪ್ಪನು ಮೂರು ಗಾಲಿಯ ಗಾಡಿಯಲ್ಲಿ ಆ ರೊಟ್ಟಿಗಳನ್ನು ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಮುಟ್ಟಿಸುತ್ತ, ಹೆಂಡತಿಯ ಬಾಯಿಗೆ ಅಂಜುತ್ತ, ಸುಖವಾಗಿಯೇ ಇದ್ದನು. ಒಲೆಯ ಮುಂದೆ ಅವಳ ಜೊತೆ ರೊಟ್ಟಿ ಬಡಿಯುವುದಕ್ಕೆ ರಾಚವ್ವ, ಮಾಬೂಬಿ ಎಂಬ ಇಬ್ಬರು ಗೆಳತಿಯರಿದ್ದರು. ರಾಚವ್ವನು ಗಂಡನಿಲ್ಲದವಳು, ಮಗಳನ್ನು ನರ್ಸಿಂಗ್ ಓದಿಸಬೇಕೆಂದು ದುಡಿಯುವವಳು. ಮಾಬೂಬಿಯು ಸೋರುವ ಮನೆಗೆ ಹೊಸ ಮಾಡು ಹೊದಿಸಬೇಕೆಂದು ದುಡಿಯುವವಳು.

ಆ ಮನೆಯಲ್ಲಿ ರೊಟ್ಟಿ ಸುಡುವ, ಅತ್ತೆಯ ಕಾಲದ ದಪ್ಪ ಕಬ್ಬಿಣದ ಹಂಚೊಂದಿತ್ತು. ಅತ್ತೆಯು ಸಾಯುವಾಗ ಬಂಗಾರವನ್ನೇನೂ ಬಿಟ್ಟುಹೋಗದೆ, ಆ ಹಂಚನ್ನೂ ಅದರಲ್ಲಿ ನೆಲೆಸಿದ ಗೌರಿಯ ವ್ರತವನ್ನೂ ಸೊಸೆಗೆ ಒಪ್ಪಿಸಿದ್ದಳು. ಶ್ರಾವಣದ ಶುಕ್ರವಾರ ಹಂಚನ್ನು ಬೂದಿಯಿಂದ ತಿಕ್ಕಿ ತೊಳೆದು, ಅರಿಶಿನ ಕುಂಕುಮವಿಟ್ಟು, ಹೂವೇರಿಸಿ, ಮೊದಲು ಬೆಂದ ರೊಟ್ಟಿಗೆ ಬೆಣ್ಣೆ ಸವರಿ, ಹೊಸ್ತಿಲಿಗೆ ಮೊದಲು ಬಂದವರು ಯಾರೇ ಆಗಲಿ, ಜಾತಿ ಕೇಳದೆ ಹೆಸರು ಕೇಳದೆ ಅವರ ಕೈಗಿಕ್ಕಿ, ಆಮೇಲೆ ಜೊತೆಯಲ್ಲಿ ದುಡಿದ ಹೆಣ್ಣುಮಕ್ಕಳಿಗೆ ಉಡಿ ತುಂಬಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಇಷ್ಟೇ ವ್ರತ. ಇದಕ್ಕೆ ಪುರೋಹಿತರೂ ಬೇಡ, ಪಟ್ಟೆಸೀರೆಯೂ ಬೇಡ.

ಹೀಗಿರಲಾಗಿ ಒಂದು ವರ್ಷ ಆಷಾಢ ಬಂದಿತು. ಮದುವೆಗಳು ನಿಂತವು. ಖಾನಾವಳಿಯವರು ಅಗ್ಗಕ್ಕೆ ಸಿಗುತ್ತದೆಂದು ಮೆಷಿನ್ ರೊಟ್ಟಿಯ ಕಡೆ ತಿರುಗಿದರು. ಒಲೆಯು ದಿನಕ್ಕೊಂದು ಹೊತ್ತು ಉರಿದರೆ ಹೆಚ್ಚಾಯಿತು. ಅಂಥ ಹೊತ್ತಿನಲ್ಲಿ ನೀಲಗಂಗವ್ವನ ಫೋನಿನಲ್ಲಿ ಸಿರಿಮಳೆ ಎಂಬ ಆ್ಯಪೊಂದು ಕಣ್ಣಿಗೆ ಬಿದ್ದಿತು. ಅದರಲ್ಲಿ ಮೊದಲು ಸ್ವಲ್ಪ ಹಣ ಕಟ್ಟಬೇಕು, ದಿನವೂ ಒಡವೆಗಳ ಚಿತ್ರ ನೋಡಿ ಮೆಚ್ಚಿದೆನೆಂದು ಬೆರಳೊತ್ತಬೇಕು, ಹೊಸಬರನ್ನು ಸೇರಿಸಿದರೆ ಅವರ ಪಾಲಿನಲ್ಲಿಯೂ ಪಾಲು ಬರುವುದು. ಅವಳು ಕಟ್ಟಿದಳು, ಒತ್ತಿದಳು, ಹಣ ಬಂದೇ ಬಂದಿತು. ಆ ಹಣದಲ್ಲಿ ಹೊಸ ಮೂಗುತಿ ಕೊಂಡು ಕನ್ನಡಿಯ ಮುಂದೆ ನಿಂತು, ಇಷ್ಟು ವರ್ಷ ಹೊಗೆ ಕುಡಿದದ್ದೇ ಬಂತಲ್ಲಾ ಎಂದು ತನ್ನ ಮೇಲೆ ತಾನೇ ಮರುಗಿದಳು. ಮರುಗದೆ ಏನು ಮಾಡಿಯಾಳು? ಗಾಳಕ್ಕೆ ಸಿಕ್ಕಿಸಿದ ಎರೆಹುಳು ಮೀನಿಗೆ ರುಚಿಯಾಗಿಯೇ ಇರುತ್ತದೆ.

ಅಷ್ಟರಲ್ಲಿ ಶ್ರಾವಣದ ಶುಕ್ರವಾರ ಬಂದಿತು. ರಾಚವ್ವ, ಮಾಬೂಬಿ ಹೂವು ಹಿಡಿದು ಬಂದರು. ನೀಲಗಂಗವ್ವನು ಹಂಚನ್ನು ಗೂಟದಿಂದ ಇಳಿಸಲಿಲ್ಲ, ಎಸರಿಡಲಿಲ್ಲ, ಉಡಿ ತುಂಬಲಿಲ್ಲ. ಗೆಳತಿಯರನ್ನು ಚಾಪೆಯ ಮೇಲೆ ಕೂರಿಸಿ, ವ್ರತಕ್ಕೆಂದು ಬಂದವರು ಇಲ್ಲವೆನ್ನಲಾರರೆಂದು ತಿಳಿದು, ತನ್ನ ಮೂಗುತಿಯನ್ನು ತೋರಿಸಿ, ಮಗಳ ಓದಿಗೆಂದು ಇಟ್ಟದ್ದನ್ನೂ ಮನೆಯ ಮಾಡಿಗೆಂದು ಇಟ್ಟದ್ದನ್ನೂ ಅವರ ಕೈಯಿಂದಲೇ ಸಿರಿಮಳೆಗೆ ಕಟ್ಟಿಸಿದಳು. ದೇವಿಗೆ ಸಹಿಸದೇ ಹೋದದ್ದು ಇದೇ. ಹಂಚು ತಣ್ಣಗಿದ್ದರೆ ಅವಳು ಕ್ಷಮಿಸಿಯಾಳು. ತನ್ನ ಹೆಸರಿನಲ್ಲಿ ಕರೆದು ಬಡವರ ಗಂಟಿಗೆ ಕೈಹಾಕಿದ್ದನ್ನು ಹೇಗೆ ಕ್ಷಮಿಸಿಯಾಳು?

ಆಗಲೇ ಹರಕು ಇಳಕಲ್ ಸೀರೆಯ ಮುದುಕಿಯೊಬ್ಬಳು ಹೊಸ್ತಿಲಿಗೆ ಬಂದು, ಮೊದಲ ರೊಟ್ಟಿ ನೀಡೆಂದು ಸೆರಗೊಡ್ಡಿದಳು. ನೀಲಗಂಗವ್ವನು ಫೋನಿನಿಂದ ತಲೆಯೆತ್ತದೆ, “ಮುಂದಕ್ಕ ಹೋಗವ್ವ” ಎಂದಳು.

“ಹೋಗ್ತೀನವ್ವ. ಹಂಚು ಕಾದಾಗ ಬರ್ತೀನಿ,” ಎಂದು ಮುದುಕಿಯು ಹೊರಟುಹೋದಳು.

ಆಮೇಲೆ ಕೆಲವು ದಿನಗಳಲ್ಲಿ ಸಿರಿಮಳೆಯಿಂದ ಹಣ ಬರುವುದು ನಿಂತಿತು. ಅದರಲ್ಲಿ ಉಳಿದ ಹಣವನ್ನು ಬಿಡಿಸಿಕೊಳ್ಳಲು ಮೊದಲು ತೆರಿಗೆ ಕಟ್ಟಬೇಕೆಂದು ಸಂದೇಶ ಬಂದಿತು. ಅವಳು ಮೂಗುತಿಯನ್ನೂ ಕೊರಳ ಗುಂಡಿನ ಸರವನ್ನೂ ಮಾರಿ ಕಟ್ಟಿದಳು. ಮರುದಿನ ಆ್ಯಪೇ ಇಲ್ಲ! ಗೆಳತಿಯರು ಕೇಳಿದರೆ, ಸರ್ವರ್ ಕೆಟ್ಟಿದೆ, ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಸುಳ್ಳು ಹೇಳಿದಳು. ಕೊನೆಗೆ ಅವರು ಕೇಳುವುದನ್ನೂ ಬಿಟ್ಟರು, ಬರುವುದನ್ನೂ ಬಿಟ್ಟರು. ರಾಚವ್ವನ ಮಗಳು ಕಾಲೇಜಿಗೆ ಸೇರದೆ ಮನೆಯಲ್ಲಿ ಉಳಿದಳು. ಮಾಬೂಬಿಯ ಮನೆ ಸೋರುತ್ತಲೇ ಇತ್ತು. ನೀಲಗಂಗವ್ವನು ಅವರ ಓಣಿಯನ್ನು ತಪ್ಪಿಸಿ ಸುತ್ತುಬಳಸಿ ನೀರಿಗೆ ಹೋಗತೊಡಗಿದಳು. ಹಣ ಹೋದ ಸಂಕಟ ಒಂದು ತೂಕವಾದರೆ, ಆ ಇಬ್ಬರು ಇನ್ನೆಂದೂ ತನ್ನ ಒಲೆಯ ಮುಂದೆ ಕೂರಲಾರರು ಎಂಬ ಸಂಕಟ ಅದಕ್ಕಿಂತ ಭಾರವಾಗಿ ಎದೆಯ ಮೇಲೆ ಕೂತಿತು.

ಒಂದು ಮಧ್ಯಾಹ್ನ ಅವಳು ಹಂಚನ್ನು ಗುಜರಿಗೆ ಹಾಕುವುದೆಂದು ಗೂಟದಿಂದ ಇಳಿಸಿದಳು. ಅದರ ತೂಕ ಕೈಗೆ ಬೀಳುತ್ತಲೇ ಅತ್ತೆಯ ನೆನಪಾಗಿ ಕಣ್ಣು ತುಂಬಿ ಬಂದಿತು. ಕೊಡುವ ಮುಂಚೆ ಒಂದು ರೊಟ್ಟಿಯನ್ನಾದರೂ ಸುಡೋಣವೆಂದು ಒಲೆ ಹೊತ್ತಿಸಿದಳು. ಅವಸರದ ಚಾಳಿ ಇನ್ನೂ ಹೋಗಿರಲಿಲ್ಲ. ಎಸರು ಕುದಿಯುವ ತನಕ ಯಾರು ಕಾಯುತ್ತಾರೆಂದು ತಣ್ಣೀರಲ್ಲೇ ಹಿಟ್ಟು ನಾದಿದಳು. ರೊಟ್ಟಿ ಅಂಚಿನಿಂದ ನಡುವಿನವರೆಗೆ ಸೀಳಿತು. ಹುಟ್ಟಿದಂದಿನಿಂದ ರೊಟ್ಟಿ ಬಡಿದವಳ ಕೈಯಲ್ಲಿ ರೊಟ್ಟಿ ಹರಿಯಿತು! ನಾಚಿಕೆಯಿಂದ ಕುಗ್ಗಿ, ಎಸರಿಟ್ಟು, ಕುದಿ ಬರುವ ತನಕ ಕೈಕಟ್ಟಿ ಕುಳಿತು, ಬಿಸಿನೀರು ಬೆರೆಸಿ ನಾದಿ ಬಡಿದಳು. ರೊಟ್ಟಿಯು ಹಂಚಿನ ಮೇಲೆ ತುಂಬು ಚಂದ್ರನ ಹಾಗೆ ಉಬ್ಬಿತು. ಬೆಣ್ಣೆ ಸವರಿ ಬಾಗಿಲ ಕಡೆ ತಿರುಗುತ್ತಾಳೆ, ಹೊಸ್ತಿಲಲ್ಲಿ ಅದೇ ಮುದುಕಿ.

ನೀಲಗಂಗವ್ವನು ಕಾಲಿಗೆ ಬಿದ್ದು ರೊಟ್ಟಿಯನ್ನು ನೀಡಿದಳು. ಮುದುಕಿಯು ಕೈಯಲ್ಲಿ ಹಿಡಿದಳೇ ಹೊರತು ಬಾಯಿಗಿಡಲಿಲ್ಲ. “ಒಬ್ಬಾಕಿ ಬಡಿದದ್ದು ನನ್ನ ಗಂಟಲಾಗ ಇಳಿಯೂದಿಲ್ಲವ್ವ. ಅವರಿಬ್ಬರೂ ಎಲ್ಲೆದಾರ? ಹಂಚು ತಲಿ ಮ್ಯಾಲೆ ಹೊತ್ಕೊಂಡು ಹೋಗು. ಮಾಡಿದ್ದು ಬಾಯಿಬಿಟ್ಟು ಹೇಳು. ಅವರು ಅಂದದ್ದು ಅನ್ನಿಸ್ಕೊ. ಕರಕೊಂಡು ಬಾ,” ಎಂದಳು.

ಹಗಲು ಹೊತ್ತಿನಲ್ಲಿ, ಸಂತೆಯ ದಿನ, ಒಲೆಯಿಂದ ಇಳಿಸಿ ಆರಿಸಿದ ಕರೀ ಹಂಚನ್ನು ತಲೆಯ ಮೇಲೆ ಹೊತ್ತು ನೀಲಗಂಗವ್ವನು ಪೇಟೆಯ ನಡುವೆ ನಡೆದಳು. ಜನ ನಕ್ಕರು. ಮಸಿ ಬೆವರಿನಲ್ಲಿ ಬೆರೆತು ಮುಖದ ಮೇಲೆ ಇಳಿಯಿತು. ಚನ್ನಮಲ್ಲಪ್ಪನು ಅಂಜಿಕೆಯನ್ನು ಮರೆತು ಗಾಡಿ ಬಿಟ್ಟು ಹೆಂಡತಿಯ ಹಿಂದೆ ನಡೆದನು. ಅಂದಿನ ಮಟ್ಟಿಗೆ ಅವನನ್ನು ಯಾರೂ ಪುಕ್ಕಲನೆನ್ನಬಾರದು.

ಮಾಬೂಬಿಯು ಬಾಗಿಲಲ್ಲೇ ಎಲ್ಲವನ್ನೂ ಕೇಳಿ, “ರೊಕ್ಕ ಹೋತು ಅನ್ನೂದು ನನಗ ಆವತ್ತ ತಿಳಿದಿತ್ತಕ್ಕಾ. ನೀ ಬಂದು ಹೇಳಲಿಲ್ಲಲ್ಲ, ಅದು ಹೊಟ್ಟಿಯೊಳಗ ಉರೀತು,” ಎಂದು ಅತ್ತು, ಸೆರಗು ಕಟ್ಟಿ ಹೊರಟಳು. ರಾಚವ್ವನು ಮಾತ್ರ ಮುಖ ನೋಡಿದೊಡನೆ ಕದ ಹಾಕಿದಳು. ನೀಲಗಂಗವ್ವನು ಮುಚ್ಚಿದ ಕದಕ್ಕೇ ತನ್ನ ತಪ್ಪನ್ನು ಹೇಳಿ, ನಿನ್ನ ಮಗಳು ಓದು ಮುಗಿಸುವ ತನಕ ನನ್ನ ಪಾಲಿನ ಲಾಭ ನಿನ್ನದು ಎಂದು ಆಣೆಯಿಟ್ಟು, ಕಟ್ಟೆಯ ಮೇಲೆ ಹಂಚನ್ನು ತೊಡೆಯಲ್ಲಿಟ್ಟುಕೊಂಡು ಕುಳಿತಳು. ಜಿಟಿಜಿಟಿ ಮಳೆ ಹಿಡಿಯಿತು. ಅವಳು ಏಳಲಿಲ್ಲ. ಬಹಳ ಹೊತ್ತಾದ ಮೇಲೆ ಕದ ತೆರೆದು ರಾಚವ್ವನು, “ನೀ ತೊಯ್ದರ ನನಗೇನಾಗೂದೈತಿ. ಹಂಚು ತುಕ್ಕು ಹಿಡೀತದ, ಏಳು,” ಎಂದಳು.

ಮೂವರೂ ಮರಳಿ ಬಂದು ಒಲೆಯ ಮುಂದೆ ಕುಳಿತು ಬಡಿಯತೊಡಗಿದರು. ಆ ಸದ್ದಿಗೆ ಓಣಿಯೇ ಎದ್ದು ಬಂದಿತು. ಹೊಸ್ತಿಲಲ್ಲೇ ಕಾದಿದ್ದ ಮುದುಕಿಯು, ಇನ್ನು ಗಂಟಲಲ್ಲಿ ಇಳಿಯುತ್ತದೆಂದು, ಕೈಯಲ್ಲಿದ್ದ ಅದೇ ರೊಟ್ಟಿಯನ್ನು ತಿಂದು, ನೀರು ಕುಡಿದು, ಹಂಚಿನ ಮೇಲೆ ಕೈಯಾಡಿಸಿ ಹೊರಟಳು. ಕಾದ ಹಂಚು ಅವಳ ಕೈ ಸುಡಲಿಲ್ಲ. ಮೂವರೂ ಅವಳ ಹಿಂದೆ ಓಡಿ ಬಂದು ನೋಡಿದರೆ ಓಣಿಯಲ್ಲಿ ಯಾರೂ ಇರಲಿಲ್ಲ, ಹೊಸ್ತಿಲಲ್ಲಿ ಹಸಿ ಅರಿಶಿನದ ಹೆಜ್ಜೆಗಳಿದ್ದವು.

ಆಮೇಲಿನ ಸಿರಿಯನ್ನು ಕೇಳಿರಿ. ಮಳೆಗಾಲದ ತಂಪಿಗೆ ಮೆಷಿನ್ ರೊಟ್ಟಿಗೆ ಬೂಸಲು ಬಂದು ಖಾನಾವಳಿಯವರು ಇವಳ ಬಾಗಿಲಿಗೆ ಬಂದು ನಿಂತರು. ರಾಚವ್ವನ ಮಗಳು ಅದೇ ಫೋನಿನಲ್ಲಿ ಮೂವರ ಕೈ ರೊಟ್ಟಿ ಬಡಿಯುವುದನ್ನು ಚಿತ್ರ ತೆಗೆದು ಊರೂರಿಗೆ ತೋರಿಸಲು, ಸೊಲ್ಲಾಪುರ, ಪುಣೆಗಳಿಂದ ಬೇಡಿಕೆ ಬಂದಿತು. ಫೋನು ಪಾಪಿಯಲ್ಲ, ತಾಯಂದಿರೇ; ಅದು ಹಿಡಿದವರ ಕೈಯಂತೆ ನಡೆಯುತ್ತದೆ. ಮಾಬೂಬಿಯ ಮನೆಗೆ ಹೊಸ ಮಾಡು ಬಂದಿತು. ರಾಚವ್ವನ ಮಗಳು ನರ್ಸಮ್ಮನಾಗಿ ಬಿಳಿಯ ಉಡುಪು ತೊಟ್ಟು ಮೊದಲು ಬಂದು ಹಂಚಿಗೆ ನಮಸ್ಕರಿಸಿದಳು.

ಇನ್ನೊಂದು ಶ್ರಾವಣದ ಶುಕ್ರವಾರ, ಮೊದಲ ರೊಟ್ಟಿ ಬೆಂದ ಹೊತ್ತಿಗೆ ಹೊಸ್ತಿಲಿಗೆ ಬಂದವನು ಇಸ್ತ್ರಿಯ ಅಂಗಿ ತೊಟ್ಟ ತರುಣ. ಹೊಸದೊಂದು ಆ್ಯಪಿಗೆ ಊರಿನ ಹೆಣ್ಣುಮಕ್ಕಳನ್ನೆಲ್ಲ ಸೇರಿಸಿಕೊಟ್ಟರೆ ಕಾರು ಕೊಡಿಸುವೆನೆಂದು ಹೇಳಲು ಬಂದವನು. ಗೆಳತಿಯರು ಲಟ್ಟಣಿಗೆ ಹುಡುಕತೊಡಗಿದರು. ನೀಲಗಂಗವ್ವನು ಅವರನ್ನು ತಡೆದು, ಮೊದಲು ಬಂದವನಿಗೆ ಮೊದಲ ರೊಟ್ಟಿಯೆಂಬ ನೇಮದಂತೆ ಬೆಣ್ಣೆ ಸವರಿ ಬಡಿಸಿದಳು. ಅವನು ಹಸಿದಿದ್ದನು, ಗಬಗಬನೆ ತಿಂದನು. ಕೈ ತೊಳೆದು ಫೋನು ತೆಗೆದನು. ನೀಲಗಂಗವ್ವನು ಕೈಮುಗಿದು, “ಉಂಡ್ಯಾ ತಮ್ಮಾ? ಇನ್ನ ಮುಂದಕ್ಕ ಹೋಗಪ್ಪ” ಎಂದಳು. ಮೂವರೂ ನಕ್ಕ ನಗೆಗೆ ಒಲೆಯ ಬೂದಿ ಹಾರಿತು.

ಎಂದು ಪರಮೇಶ್ವರನು ಹೇಳಲು, ಪಾರ್ವತಿಯು ಹಂಚಿನಿಂದ ಕೈಗೆ ಹತ್ತಿದ ಹಿಟ್ಟನ್ನು ಮೆಲ್ಲಗೆ ಸೆರಗಿಗೆ ಒರೆಸಿಕೊಂಡಳು.

ಈ ಕಥೆಯನ್ನು ಓದಿದವರ ಒಲೆ ಆರದಿರಲಿ, ಕೇಳಿದವರ ಕೈ ಸೋಲದಿರಲಿ, ಇನ್ನೊಬ್ಬರಿಗೆ ಹೇಳಿದವರಿಗೆ ಮುನಿದ ಗೆಳತಿಯರು ಮರಳಿ ಬರಲಿ. ಕೆಟ್ಟ ಹೊತ್ತಿನಲ್ಲಿ ಬೆರಳು ತಪ್ಪು ಕಡೆ ಹೋದಾಗ ಹಂಚಿನ ಗೌರಿಯು ಆ ಬೆರಳನ್ನು ಹಿಡಿದುಕೊಳ್ಳಲಿ. ಅಕ್ಷತೆ ಹಾಕಿ ಏಳಿರಿ ತಾಯಂದಿರೇ, ಎಸರು ಕುದಿಯುತ್ತಿದೆ. ಬಾಗಿಲಲ್ಲಿ ಯಾರು ಬಂದಿದ್ದಾರೋ ಒಬ್ಬರು ಹೋಗಿ ನೋಡಿರಿ.